ಬೇಸಿಗೆಯ ರಜೆಯೂ ಚಿತ್ತದ ಜಡತ್ವವೂ

ಏಪ್ರಿಲ್ ತಿಂಗಳ ಎರಡನೆಯ ವಾರ. ಶಾಲೆಗಳಿಗೆ ರಜೆ ಬಂದಿತ್ತು. ನಮ್ಮ ಕಾಲೇಜಿಗೆ ಬಂದಿರಲಿಲ್ಲ. ಅಂದು ತರಗತಿಗಳಿಲ್ಲದ ದಿನ. ಪತ್ನಿ ಬ್ಯಾಂಕಿನ ಕೆಲಸಕ್ಕೆ ಹೊರಟ ಮೇಲೆ ಮನೆಯಲ್ಲಿ ಉಳಿದವರು ನಾವು ಮತ್ತು ನಮ್ಮ ಇಬ್ಬರು ಮಕ್ಕಳು. ಜೊತೆಗೆ ಆಂತರಿಕ ಪರೀಕ್ಷೆಯ 62 ಉತ್ತರಪತ್ರಿಕೆಗಳು. ಇಬ್ಬನಿ ಬಿಂದುವನ್ನು ಕುರಿತ ಒಂದು ಉತ್ತರವನ್ನು ಓದಿ ಮುಗಿಸಿ ಅಂಕಗಳನ್ನು ಕೂಡುತ್ತಿದ್ದಾಗ, ಆರು ವರ್ಷದ ಮಗ ಬಂದು, "ಅಪ್ಪಾ, ಮಡಕೆಯ ಹೊರಗೆ ನೀರು ಹೇಗೆ ಬಂತು?" ಎಂದು ಕೇಳಿದನು. "ಗಾಳಿಯಲ್ಲಿರುವ ಆವಿ ತಣಿದು ಹನಿಯಾಗಿದೆ" ಎಂದು ಹೇಳಿ ಕಳುಹಿಸಿ, ಕೂಡಿಕೆಗೆ ಮರಳಿದೆವು.

ಸಂಜೆ ಮತ್ತೊಮ್ಮೆ ಪರಿಶೀಲಿಸುವಾಗ ಎರಡು ತಪ್ಪುಗಳು ಹೊರಬಿದ್ದುವು. ಆ ವಿದ್ಯಾರ್ಥಿಗೆ ಸಲ್ಲಬೇಕಾದ ಆರು ಅಂಕಗಳು ಕೂಡಿಕೆಯಿಂದ ಬಿಟ್ಟುಹೋಗಿದ್ದುವು; ಅವಿಲ್ಲದೆ ಅವನು ಅನುತ್ತೀರ್ಣನಾಗುತ್ತಿದ್ದನು. ಮಗನಿಗೆ ಹೇಳಿದ ಉತ್ತರವೂ ತಪ್ಪು. ಭೌತಶಾಸ್ತ್ರವನ್ನು ಬೋಧಿಸುವವರಿಗೆ ಇದಕ್ಕಿಂತ ನಾಚಿಕೆಗೇಡು ಬೇರೊಂದಿಲ್ಲ.

ಮಗನೊಡನೆ ಮಾತನಾಡಲು ಒಂದು ನಿಮಿಷವೂ ಹಿಡಿದಿರಲಿಲ್ಲ. ಅಷ್ಟರಲ್ಲಿ ಎರಡು ಕೆಲಸಗಳೂ ಕೆಟ್ಟುದು ಹೇಗೆ? ಈ ಬಗೆಯ ಪ್ರಶ್ನೆಯನ್ನು ಪ್ರಯೋಗದಿಂದ ಪರೀಕ್ಷಿಸಲು ತೊಡಗಿ ಸುಮಾರು ಒಂದು ಶತಮಾನವೇ ಆಗಿದೆ. 1927ರಲ್ಲಿ ಆರ್ಥರ್ ಜೆರ್ಸಿಲ್ಡ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು ಪ್ರಕಟಿಸಿದ ಪ್ರಯೋಗವೊಂದನ್ನು ವಾಚಕರು ಮನೆಯಲ್ಲಿಯೇ ಮಾಡಿ ನೋಡಬಹುದು. ಎರಡಂಕಿಯ 24 ಸಂಖ್ಯೆಗಳನ್ನು ಒಂದರ ಕೆಳಗೊಂದರಂತೆ ಬರೆಯಿರಿ. ಮೊದಲ ಸಲ ಪ್ರತಿಯೊಂದಕ್ಕೂ ಮೂರನ್ನು ಕೂಡಿ ಉತ್ತರವನ್ನು ಗಟ್ಟಿಯಾಗಿ ಹೇಳಿರಿ. ಎರಡನೆಯ ಸಲ ಮೂರನ್ನು ಕಳೆಯಿರಿ. ಮೂರನೆಯ ಸಲ ಒಂದಕ್ಕೆ ಕೂಡಿ, ಮುಂದಿನದರಿಂದ ಕಳೆಯುತ್ತ ಸಾಗಿರಿ. ಮೂರನೆಯ ಸಲ ಹೊಸ ಲೆಕ್ಕವೇನೂ ಇಲ್ಲ. ಆದರೂ ಹಿಡಿಯುವ ಕಾಲವು ಮೊದಲೆರಡರ ಸರಾಸರಿಗಿಂತ ಹೆಚ್ಚು. ಹತ್ತು ವರ್ಷದ ಮಗಳು ಗಡಿಯಾರ ಹಿಡಿದು ನಮ್ಮನ್ನು ಪರೀಕ್ಷಿಸಿದಾಗ, "ಈಗ ಕೂಡಬೇಕೋ ಕಳೆಯಬೇಕೋ?" ಎಂದು ಎರಡು ಸಲ ಅವಳನ್ನೇ ಕೇಳಬೇಕಾಯಿತು. ಆ ಹೆಚ್ಚಿನ ಕಾಲವೇ ಒಂದು ಕೆಲಸದಿಂದ ಇನ್ನೊಂದಕ್ಕೆ ಹೊರಳುವುದಕ್ಕಾಗಿ ನಾವು ತೆರುವ ಸುಂಕ.

ಜೆರ್ಸಿಲ್ಡ್ ಅವರು ಪಟ್ಟಿಯಲ್ಲಿ ಸಂಖ್ಯೆಗಳ ನಡುವೆ ಪದಗಳನ್ನು ಬೆರೆಸಿಯೂ ನೋಡಿದರು. ಸಂಖ್ಯೆ ಬಂದರೆ ಮೂರನ್ನು ಕಳೆಯುವುದು. ಪದ ಬಂದರೆ ವಿರುದ್ಧ ಪದವನ್ನು ಹೇಳುವುದು. ಆಗ ಈ ಸುಂಕ ಕಾಣಲಿಲ್ಲ! 47 ಎಂಬುದನ್ನು ನೋಡಿದರೆ ಕೂಡಬೇಕೋ ಕಳೆಯಬೇಕೋ ತಿಳಿಯದು. 'ಹಗಲು' ಎಂಬ ಪದದಿಂದ ಮೂರನ್ನು ಕಳೆಯಲು ಯಾರೂ ಹೋಗುವುದಿಲ್ಲ. ಮಾಡಬೇಕಾದುದನ್ನು ಎದುರಿನ ವಸ್ತುವೇ ಸೂಚಿಸಿದರೆ ಚಿತ್ತದ ಹೊರೆ ಇಳಿಯುತ್ತದೆ.

1994ರಲ್ಲಿ ಆಲ್‌ಪೋರ್ಟ್ ಮತ್ತು ಅವರ ಸಂಗಡಿಗರು, ಹಿಂದಿನ ಕೆಲಸಕ್ಕಾಗಿ ಅಣಿಯಾದ ಚಿತ್ತವು ಕೆಲಸ ಬದಲಾದೊಡನೆ ಬದಲಾಗದೆ ಕೆಲಕಾಲ ಹಾಗೆಯೇ ಉಳಿಯುತ್ತದೆಂದು ತೋರಿಸಿ, ಇದಕ್ಕೆ 'ಜಡತ್ವ'ವೆಂಬ ನಮ್ಮ ಶಾಸ್ತ್ರದ ಶಬ್ದವನ್ನೇ ಎರವಲು ಪಡೆದರು. (ನಮ್ಮ ಜಡತ್ವಕ್ಕೆ ದ್ರವ್ಯರಾಶಿಯೆಂಬ ಅಳತೆಯುಂಟು, ಇದಕ್ಕಿಲ್ಲ. ಆದುದರಿಂದ ಇದನ್ನು ಉಪಮೆಯೆಂದೇ ಭಾವಿಸತಕ್ಕದ್ದು.) ಇಲ್ಲೊಂದು ವಿಚಿತ್ರವಿದೆ. 'ಕೆಂಪು' ಎಂಬ ಪದವನ್ನು ಹಸುರು ಶಾಯಿಯಲ್ಲಿ ಬರೆದಿದ್ದರೆ, ಪದವನ್ನು ಓದುವುದು ಸುಲಭ. ಶಾಯಿಯ ಬಣ್ಣವನ್ನು ಹೇಳುವುದು ಕಷ್ಟ. ಇವೆರಡರ ನಡುವೆ ಹೊರಳುವಾಗ, ಸುಲಭದಿಂದ ಕಷ್ಟಕ್ಕೆ ಹೋಗುವುದಕ್ಕಿಂತ ಕಷ್ಟದಿಂದ ಸುಲಭಕ್ಕೆ ಮರಳುವಾಗಲೇ ಹೆಚ್ಚು ತಡವಾಗುತ್ತದೆ. ಕಷ್ಟದ ಕೆಲಸಕ್ಕಾಗಿ ಸುಲಭದ ಅಭ್ಯಾಸವನ್ನು ಬಲವಾಗಿ ಅದುಮಿ ಹಿಡಿದಿರುತ್ತೇವೆ, ಆ ಹಿಡಿತ ಒಡನೆಯೇ ಸಡಿಲುವುದಿಲ್ಲ ಎಂಬುದು ಒಂದು ವಿವರಣೆ. ಕೆಲಸದಲ್ಲಿ ಮುಳುಗಿದ ತಂದೆ ತಾಯಿಗಳು ಮಗುವಿನ ಸರಳವಾದ ಪ್ರಶ್ನೆಗೆ ಕಣ್ಣು ಪಿಳಿಪಿಳಿ ಬಿಡುವುದು ಇದರಿಂದಲೇ ಇರಬಹುದೆಂದು ನಮ್ಮ ಊಹೆ. ಸೆಕೆಂಡಿನ ಅಂಶಗಳನ್ನು ಅಳೆಯುವ ಪ್ರಯೋಗಗಳನ್ನು ಮನೆಯ ಗದ್ದಲಕ್ಕೆ ನೇರವಾಗಿ ಅನ್ವಯಿಸುವುದು ಅವಸರವಾದೀತು. ಆದರೂ ನಮ್ಮ ಉತ್ತರದಲ್ಲಿ ಉತ್ತರಪತ್ರಿಕೆಯ ಇಬ್ಬನಿಯೇ ಇಳಿದುದನ್ನು ಕಂಡವರು ಬೇರೇನು ಹೇಳಿಯಾರು?

ಅಷ್ಟಾವಧಾನದಲ್ಲಿ ಅಪ್ರಸ್ತುತ ಪ್ರಸಂಗಿಯೆಂಬ ಪೃಚ್ಛಕನಿರುತ್ತಾನೆ. ನಡುನಡುವೆ ಏನನ್ನಾದರೂ ಕೇಳಿ ಅವಧಾನಿಯ ಏಕಾಗ್ರತೆಯನ್ನು ಕದಡುವುದೇ ಅವನ ಕೆಲಸ. ನಮ್ಮ ಮನೆಯಲ್ಲಿ ಆ ಪದವಿಗೆ ಇಬ್ಬರಿದ್ದಾರೆ. ಅವಧಾನಿ ಮಾತ್ರ ಇಲ್ಲ. ಆದುದರಿಂದ ಬಾಗಿಲಿಗೆ ಒಂದು ಸ್ಲೇಟನ್ನು ತೂಗುಹಾಕಿದೆವು. ಪ್ರಶ್ನೆಗಳನ್ನು ಅದರಲ್ಲಿ ಬರೆಯತಕ್ಕದ್ದು. ಹನ್ನೊಂದು ಗಂಟೆಗೂ ಮೂರು ಗಂಟೆಗೂ ಪತ್ರಿಕೆಗಳನ್ನು ಒಳಗಿಟ್ಟು ಜಗುಲಿಗೆ ಬಂದು ಉತ್ತರ ಹೇಳುವುದು. ತಮ್ಮನಿಗೆ ಬರೆಯಲು ಬಾರದು. ಅಕ್ಕ ಒಂದು ಹುಣಿಸೆಯ ಚಿಗಳಿಯ ಸಂಬಳಕ್ಕೆ ಬರೆದುಕೊಡುತ್ತಾಳೆ. ನಾವು ಸಹ ಪ್ರತಿ ಪುಟದ ಅಂಕಗಳ ಮೊತ್ತವನ್ನು ಅದರ ಅಂಚಿನಲ್ಲಿಯೇ ಬರೆದಿಡತೊಡಗಿದೆವು. ಬಿದ್ದರೆ, ಸುಟ್ಟುಕೊಂಡರೆ ಸ್ಲೇಟಿನ ನಿಯಮವಿಲ್ಲ. ಮೊದಲ ದಿನ ನಿಯಮವು ಏಳು ಸಲ ಮುರಿಯಿತು.

ಮರುದಿನ ಮೂರು ಗಂಟೆಗೆ ಮಡಕೆಯ ಪ್ರಶ್ನೆಯನ್ನೇ ಮತ್ತೆ ಎತ್ತಿಕೊಂಡೆವು. ಮಡಕೆಯ ನೀರನ್ನು ಒಣಗಿದ ಸ್ಟೀಲಿನ ಲೋಟಕ್ಕೆ ಸುರಿದು ಪಕ್ಕದಲ್ಲಿಟ್ಟೆವು. ಅದೇ ನೀರು, ಅದೇ ಗಾಳಿ. ಲೋಟದ ಹೊರಮೈ ಒಣಗಿಯೇ ಇತ್ತು. ಆವಿಯಾಗುವುದರಿಂದ ಮಾತ್ರ ತಣಿಯುವ ವಸ್ತು ಒಣಗಾಳಿಯಲ್ಲಿ ಇಬ್ಬನಿ ಬಿಂದುವಿನಷ್ಟು ಕೆಳಕ್ಕೆ ಇಳಿಯಲಾರದು. ಮಡಕೆಯ ತೇವವು ಗಾಳಿಯಿಂದ ಬಂದುದಲ್ಲ. ಮಣ್ಣಿನ ಸೂಕ್ಷ್ಮ ರಂಧ್ರಗಳಿಂದ ಒಸರಿದುದು. ಅದು ಆವಿಯಾಗುವಾಗ ಮಡಕೆಯಿಂದಲೂ ಒಳಗಿನ ನೀರಿನಿಂದಲೂ ಉಷ್ಣವನ್ನು ಹೀರುವುದರಿಂದಲೇ ನೀರು ತಣ್ಣಗಿರುತ್ತದೆ.

"ಹಾಗಾದರೆ ನೀರೆಲ್ಲ ಹೊರಗೆ ಬಂದು ಮುಗಿದುಹೋಗುವುದಿಲ್ಲವೇ?" ಎಂದನು ಮಗ. ಮಡಕೆಯನ್ನು ಕತ್ತಿನವರೆಗೆ ತುಂಬಿಟ್ಟು, ಬೆಳಿಗ್ಗೆ ಮತ್ತೆ ತುಂಬಲು ಎಷ್ಟು ಲೋಟ ನೀರು ಬೇಕಾಗುವುದೆಂದು ಅಳೆಯುವುದಾಗಿ ನಿಶ್ಚಯವಾಯಿತು. ಒಳಗೆ ಇನ್ನೂ 40 ಪತ್ರಿಕೆಗಳು ಉಳಿದಿದ್ದುವು.