ನಿವೃತ್ತ ಪೊಲೀಸ್ ಬೈಕಿನ ಹಲ್ಲೆಣಿಕೆ

ಅಮೆರಿಕದ ಪೊಲೀಸ್ ಇಲಾಖೆಗಳು ದೊಡ್ಡ ಟೂರಿಂಗ್ ಬೈಕುಗಳನ್ನು ಕೆಲವು ವರ್ಷ ದುಡಿಸಿಕೊಂಡು ಹರಾಜಿಗೆ ಹಾಕುತ್ತವೆ. ಸೈರನ್ ಬಿಚ್ಚಿರುತ್ತಾರೆ, ದೀಪ ಕಿತ್ತಿರುತ್ತಾರೆ, ಲಾಂಛನದ ಸ್ಟಿಕ್ಕರ್ ಸುಲಿದಿರುತ್ತಾರೆ. ಕೊಳ್ಳುವವರಿಗೆ ಹೊಸ ಬೈಕಿಗಿಂತ ಬಹಳ ಕಡಿಮೆ ಬೆಲೆಗೆ ಗಟ್ಟಿ ಗಾಡಿ ಸಿಗುತ್ತದೆ. ತೊಂದರೆ ಶುರುವಾಗುವುದು ಸ್ಪ್ರಾಕೆಟ್ಟೋ ಗೇರ್‌ಬಾಕ್ಸೋ ಬದಲಿಸುವ ದಿನ. ಇದು ಪೊಲೀಸ್ ಮಾದರಿ. ಇದಕ್ಕೆ ಸಾಮಾನ್ಯ ಮಾದರಿಯ ಭಾಗ ಹೊಂದೀತೆ? ಯಾವ ವರ್ಷದ್ದು ಹೊಂದೀತು? ಇದನ್ನು ಪತ್ತೆ ಹಚ್ಚುವುದೇ ಒಂದು ಕಸುಬು. ಅದನ್ನು ಬಲ್ಲವರು ಬೈಕಿನ ಹೆಸರಿಗೆ ಬೆಲೆ ಕೊಡುವುದಿಲ್ಲ. ಲೋಹದ ಮೇಲೆ ಕೊರೆದ ಸಂಖ್ಯೆ ಓದುತ್ತಾರೆ, ಹಲ್ಲು ಎಣಿಸುತ್ತಾರೆ.

ಕವಾಸಾಕಿ ಕೆಝಡ್1000ಪಿ ಈ ವಿದ್ಯೆಗೆ ಒಳ್ಳೆಯ ಪಾಠಶಾಲೆ. ನೆಬ್ರಾಸ್ಕಾ ರಾಜ್ಯದ ಲಿಂಕನ್ ನಗರದ ಕಾರ್ಖಾನೆಯಲ್ಲಿ 2005ರವರೆಗೂ ತಯಾರಾದ ಪೊಲೀಸ್ ಬೈಕ್ ಇದು. 1977ರಿಂದ 1983ರವರೆಗೆ ಬಂದ 'ಚಿಪ್ಸ್' ಧಾರಾವಾಹಿಯಿಂದಾಗಿ ಹೆದ್ದಾರಿ ಪೊಲೀಸ್ ಎಂದರೆ ಕವಾಸಾಕಿ ಎಂಬ ಚಿತ್ರ ಜನರ ಮನಸ್ಸಿನಲ್ಲಿ ಕೂತಿತ್ತು. ಸಾರ್ವಜನಿಕರಿಗೆ ಮಾರುತ್ತಿದ್ದ ಒಡಹುಟ್ಟು ಮಾದರಿ ಕೆಝಡ್1000ಜೆ 1980ರ ದಶಕದ ಆರಂಭದಲ್ಲೇ ನಿಂತುಹೋಯಿತು. ಪೊಲೀಸ್ ಮಾದರಿ ಮಾತ್ರ ಅದೇ 998 ಸಿಸಿ ಎಂಜಿನ್ನು, ಅದೇ ಐದು ಗೇರು ಇಟ್ಟುಕೊಂಡು ಎರಡು ದಶಕ ಬಾಳಿತು. ಹಾಗಾಗಿ 2003ರ ಪೊಲೀಸ್ ಬೈಕಿಗೆ ನಂಟಿರುವ ಭಾಗಗಳನ್ನು 1982ರ ಜೆ ಮಾದರಿಯಲ್ಲಿ ಹುಡುಕುವುದು ಸರಿಯಾದ ದಾರಿ. ಅದಕ್ಕಿಂತ ಹಿಂದಿನ ಪೊಲೀಸ್ ಮಾದರಿಯಾದ ಕೆಝಡ್1000ಸಿ ಹೆಸರಿನಲ್ಲಿ ಹತ್ತಿರ, ಎಂಜಿನ್ನಿನಲ್ಲಿ ದೂರ. ಅದರದ್ದು 1015 ಸಿಸಿಯ ಹಳೆಯ ಪೀಳಿಗೆ. 'ಎರಡೂ ಪೊಲೀಸ್ ಬೈಕ್ ತಾನೇ' ಎಂದು ಭಾಗ ತರಿಸಿದವರು ಮೋಸಹೋಗುವುದು ಇಲ್ಲೇ.

ಈ ಬೈಕಿನ ಚೈನು 630 ಅಳತೆಯದು. ಆ ಮೂರು ಅಂಕಿಗಳನ್ನು ಬಿಡಿಸಿ ಓದಬಹುದು. ಮೊದಲ ಅಂಕಿ, ಒಂದು ಪಿನ್ನಿನಿಂದ ಮುಂದಿನ ಪಿನ್ನಿಗೆ ಅಂಗುಲದ ಎಂಟನೇ ಭಾಗಗಳು ಎಷ್ಟು ಎಂದು ಹೇಳುತ್ತದೆ. ಆರು ಎಂದರೆ ಮುಕ್ಕಾಲು ಅಂಗುಲ, ಅಂದರೆ 19.05 ಮಿಲಿಮೀಟರ್. ಕೊನೆಯ 30 ಒಳ ಅಗಲವನ್ನು ಹೇಳುತ್ತದೆ, ಅಂಗುಲದ ಎಂಟನೇ ಮೂರು ಭಾಗ. ಇಂದು ಸುಲಭವಾಗಿ ಸಿಗುವ 530 ಚೈನಿನ ಅಗಲವೂ ಅಷ್ಟೇ. ಆದರೆ ಪಿನ್ನುಗಳ ಅಂತರ 15.875 ಮಿಲಿಮೀಟರ್. ಪಕ್ಕಪಕ್ಕ ಇಟ್ಟು ಅಗಲವಷ್ಟನ್ನೇ ನೋಡಿದರೆ ಒಂದೇ ಎನಿಸುವ ಇವೆರಡರಲ್ಲಿ ಒಂದರ ಸ್ಪ್ರಾಕೆಟ್ ಮೇಲೆ ಇನ್ನೊಂದು ಓಡಲಾರದು. 530ಕ್ಕೆ ಬದಲಿಸುವವರು ಚೈನು, ಮುಂದಿನ ಸ್ಪ್ರಾಕೆಟ್, ಹಿಂದಿನ ಸ್ಪ್ರಾಕೆಟ್ ಮೂರನ್ನೂ ಒಟ್ಟಿಗೆ ಬದಲಿಸಲೇಬೇಕು. ಎರಡು ಸ್ಪ್ರಾಕೆಟ್ ಒಂದೇ ಗೆರೆಯಲ್ಲಿ ನಿಂತಿವೆಯೇ ಎಂದು ಉದ್ದನೆಯ ನೇರ ಪಟ್ಟಿಯಿಟ್ಟು ನೋಡಬೇಕು. ಇದು ಬಿಟ್ಟರೆ ಹೊಸ ಚೈನು ಬೇಗ ಹಾಳಾಗುತ್ತದೆ.

ಭಾಗದ ಸಂಖ್ಯೆಗಳಿಗೂ ವ್ಯಾಕರಣವಿದೆ. ಕವಾಸಾಕಿಯ ಸಂಖ್ಯೆಯಲ್ಲಿ ಅಡ್ಡಗೆರೆಗೆ ಮೊದಲಿನ ಐದು ಅಂಕಿ ಭಾಗದ ಜಾತಿಯನ್ನು ಹೇಳುತ್ತದೆ, ನಂತರದ್ದು ಅದರ ನಿರ್ದಿಷ್ಟ ರೂಪವನ್ನು. ಎರಡು ಮಾದರಿಗಳ ಭಾಗಪಟ್ಟಿಯಲ್ಲಿ ಪೂರ್ತಿ ಸಂಖ್ಯೆ ಒಂದೇ ಇದ್ದರೆ ಭಾಗ ಒಂದೇ, ಅನುಮಾನ ಬೇಡ. ಮೊದಲರ್ಧ ಮಾತ್ರ ಒಂದಿದ್ದರೆ ಎರಡೂ ಸ್ಪ್ರಾಕೆಟ್ ಎಂದಷ್ಟೇ ಗೊತ್ತಾಯಿತು. ಹಾರ್ಲೆ-ಡೇವಿಡ್‌ಸನ್ ಇನ್ನೂ ಧಾರಾಳಿ. ಅದರ ಸಂಖ್ಯೆಯ ಬಾಲದಲ್ಲಿ '-07' ಎಂದಿದ್ದರೆ ಆ ಭಾಗ ಮೊದಲು ಬಳಕೆಗೆ ಬಂದದ್ದು 2007ರ ಮಾದರಿಯಲ್ಲಿ. ಅದರ ಮುಂದೆ ಎ, ಬಿ ಅಕ್ಷರಗಳಿದ್ದರೆ ಆಮೇಲೆ ತಿದ್ದುಪಡಿಯಾಗಿದೆ ಎಂದರ್ಥ.

ಹಾರ್ಲೆಯಲ್ಲಿ ಈ ಬಾಲವೇ ಪ್ರಾಣ. ಪೊಲೀಸ್ ರೋಡ್ ಕಿಂಗ್ ಆಗಲಿ, ಪೊಲೀಸ್ ಎಲೆಕ್ಟ್ರಾ ಗ್ಲೈಡ್ ಆಗಲಿ, ಅದೇ ವರ್ಷದ ಸಾಮಾನ್ಯ ಟೂರಿಂಗ್ ಬೈಕಿಗೆ ಹತ್ತಿರದ ಸಂಬಂಧಿ. ಪೊಲೀಸ್ ಮತ್ತು ಸಾಮಾನ್ಯ ಮಾದರಿಯ ನಡುವಿನ ಅಂತರಕ್ಕಿಂತ ವರ್ಷ ವರ್ಷದ ನಡುವಿನ ಅಂತರ ದೊಡ್ಡದು. ಟೂರಿಂಗ್ ಬೈಕುಗಳಿಗೆ 2006ರವರೆಗೆ ಐದು ಗೇರು, 2007ರಿಂದ ಆರು. 2008ರಲ್ಲಿ ಹಿಂದಿನ ಚಕ್ರಕ್ಕೂ ಬೆಲ್ಟ್ ಪುಲ್ಲಿಗೂ ನಡುವೆ ಎಳೆತ ಹೀರುವ ರಬ್ಬರ್ ಬಂತು. 2009ರಲ್ಲಿ ಚೌಕಟ್ಟೇ ಹೊಸದಾಯಿತು. ವರ್ಷ ತಿಳಿಯಲು ಹದಿನೇಳು ಅಕ್ಷರದ ಚಾಸಿ ಸಂಖ್ಯೆಯ ಹತ್ತನೆಯದನ್ನು ನೋಡಬೇಕು: 6 ಎಂದರೆ 2006, 7 ಎಂದರೆ 2007, ಎ ಎಂದರೆ 2010. ನೋಂದಣಿ ದಿನಾಂಕವನ್ನು ನಂಬಬಾರದು. ಅಮೆರಿಕದಲ್ಲಿ ಮುಂದಿನ ವರ್ಷದ ಮಾದರಿ ಹಿಂದಿನ ವರ್ಷದ ನಡುವಿನಲ್ಲೇ ಕಾರ್ಖಾನೆಯಿಂದ ಹೊರಬರುತ್ತದೆ.

1990ರ ದಶಕದ ಕೊನೆಯಲ್ಲಿ ಕ್ಯಾಲಿಫೋರ್ನಿಯಾ ಹೆದ್ದಾರಿ ಪೊಲೀಸರು ಕವಾಸಾಕಿ ಬಿಟ್ಟು ಬಿಎಂಡಬ್ಲ್ಯು ಆರ್1100ಆರ್‌ಟಿ-ಪಿ ಏರಿದರು. ಇಲ್ಲಿ ಚೈನಿಲ್ಲ, ಶಾಫ್ಟು. ಆರ್1100ಕ್ಕೆ ಐದು ಗೇರು ಮತ್ತು ಕೇಬಲ್ ಕ್ಲಚ್, ನಂತರ ಬಂದ ಆರ್1150ಕ್ಕೆ ಆರು ಗೇರು ಮತ್ತು ಹೈಡ್ರಾಲಿಕ್ ಕ್ಲಚ್. ಒಂದರ ಗೇರ್‌ಬಾಕ್ಸನ್ನು ಇನ್ನೊಂದಕ್ಕೆ ಹಾಗೆಯೇ ಕೂರಿಸಲಾಗದು. ಹೆಚ್ಚು ಮೋಸವಾಗುವುದು ಹಿಂದಿನ ಚಕ್ರದ ಬಳಿಯ ಫೈನಲ್ ಡ್ರೈವಿನಲ್ಲಿ. ಹೊರಗಿನಿಂದ ಎಲ್ಲ ಒಂದೇ ಆಕಾರ, ಒಳಗಿನ ಹಲ್ಲುಗಳ ಲೆಕ್ಕ ಬೇರೆ. ಅದರ ಕವಚದ ಮೇಲೆ ಎರಡು ಹಲ್ಲುಗಾಲಿಗಳ ಲೆಕ್ಕ ಕೊರೆದಿರುತ್ತದೆ. 33 ಮತ್ತು 11 ಇದ್ದರೆ ಅನುಪಾತ 3.00, 32 ಮತ್ತು 11 ಇದ್ದರೆ 2.91, 31 ಮತ್ತು 11 ಇದ್ದರೆ 2.82. ಕೊರೆದದ್ದು ಅಳಿಸಿಹೋಗಿದ್ದರೆ ಉಪಾಯವಿದೆ. ಬೈಕನ್ನು ಸೆಂಟರ್ ಸ್ಟ್ಯಾಂಡ್ ಮೇಲೆ ನಿಲ್ಲಿಸಿ, ನ್ಯೂಟ್ರಲ್‌ನಲ್ಲಿಟ್ಟು, ರಬ್ಬರ್ ಹೊದಿಕೆ ಸರಿಸಿ, ಶಾಫ್ಟಿಗೂ ಚಕ್ರಕ್ಕೂ ಸೀಮೆಸುಣ್ಣದ ಗುರುತು ಹಾಕಿ ಚಕ್ರವನ್ನು ಹತ್ತು ಸುತ್ತು ತಿರುಗಿಸಿ. ಶಾಫ್ಟು ಸರಿಯಾಗಿ ಮೂವತ್ತು ಸುತ್ತು ಬಂದರೆ 3.00. ಇಪ್ಪತ್ತೊಂಬತ್ತು ದಾಟಿದ ಕೂಡಲೇ ನಿಂತರೆ 2.91. ಒಂದೇ ಸುತ್ತಿನಲ್ಲಿ ಕಾಣದ ವ್ಯತ್ಯಾಸ ಹತ್ತು ಸುತ್ತಿನಲ್ಲಿ ಬಯಲಾಗುತ್ತದೆ. ಒಳಗಿನ ದೊಡ್ಡ ಗಾಲಿ ಮತ್ತು ಚಿಕ್ಕ ಗಾಲಿ ಜೋಡಿಯಾಗಿಯೇ ಹೊಂದಿಸಿ ತಯಾರಾದವು. ಒಂದನ್ನು ಇಲ್ಲಿಂದ, ಇನ್ನೊಂದನ್ನು ಅಲ್ಲಿಂದ ತಂದು ಕೂಡಿಸುವುದು ಬೇಡ.

ಹೊಂದುವ ಭಾಗ ಸಿಕ್ಕಮಾತ್ರಕ್ಕೆ ಅದು ಬಾಳುವ ಭಾಗವಲ್ಲ ಎಂಬುದನ್ನೂ ಹೇಳಲೇಬೇಕು. ಪೊಲೀಸ್ ಬೈಕ್ ಸಿಗ್ನಲ್ಲಿನ ಬಳಿ ಎಂಜಿನ್ ಚಾಲೂ ಇಟ್ಟುಕೊಂಡೇ ನಿಂತಿರುತ್ತದೆ, ಮೆರವಣಿಗೆಯ ಜೊತೆ ನಡಿಗೆಯ ವೇಗದಲ್ಲಿ ಅರ್ಧ ಕ್ಲಚ್ ಹಿಡಿದು ಸಾಗುತ್ತದೆ. ಮೀಟರಿನ ಮೈಲಿ ಈ ದುಡಿಮೆಯನ್ನು ತೋರಿಸುವುದಿಲ್ಲ. ಅಂಥ ಗಾಡಿಯಿಂದ ಬಿಚ್ಚಿದ ಕ್ಲಚ್ ಪ್ಲೇಟುಗಳ ದಪ್ಪವನ್ನು ವರ್ನಿಯರ್‌ನಿಂದ ಅಳೆದು, ಸರ್ವಿಸ್ ಪುಸ್ತಕದ ಮಿತಿಯೊಂದಿಗೆ ಹೋಲಿಸಬೇಕು. ಆರ್1150ರ ಗೇರ್‌ಬಾಕ್ಸ್ ಕೊಳ್ಳುವವರು ಮೊದಲು ಇನ್‌ಪುಟ್ ಶಾಫ್ಟಿನ ಉದ್ದುದ್ದ ಹಲ್ಲುಗಳನ್ನು ನೋಡಲಿ. ಕೆಲವು ಬೈಕುಗಳಲ್ಲಿ ಅವು ಸವೆದು ಚೂಪಾಗುವುದು ಬಲ್ಲವರಿಗೆಲ್ಲ ಗೊತ್ತಿರುವ ದೋಷ.

ಹಳೆಯ ಭಾಗವನ್ನೇ ಕೈಯಲ್ಲಿ ಹಿಡಿದು ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಗೆ ಹೋಗುವವರಿಗೆ ಈ ಜಾಣತನ ಹೊಸದೇನಲ್ಲ. ದೂರದಿಂದ ತರಿಸುವವರಿಗೆ ಆ ಅವಕಾಶವಿಲ್ಲ. ಅದಕ್ಕೇ ಹಣ ಕಳಿಸುವ ಮೊದಲು ಮಾರುವವರಿಂದ ಮೂರು ಚಿತ್ರ ಕೇಳಿ: ಭಾಗದ ಮೇಲಿನ ಸಂಖ್ಯೆ, ಅದು ಬಂದ ಬೈಕಿನ ಚಾಸಿ ಸಂಖ್ಯೆ, ಎಣಿಸಬಹುದಾದಷ್ಟು ಸ್ಪಷ್ಟವಾಗಿ ಕಾಣುವ ಹಲ್ಲುಗಳು. ಮೂರರಲ್ಲಿ ಒಂದನ್ನು ಕೊಡಲು ಹಿಂದೆಮುಂದೆ ನೋಡಿದರೆ ಆ ಭಾಗ ಕೊಳ್ಳಬೇಡಿ.