ಕೋಸಿನ ಪಲ್ಯವೂ ಅಮ್ಮಂದಿರ ಆರೋಗ್ಯವೂ

ಅಲ್ ಕುಸೈಸ್‌ನ ಅಂಗಡಿಗಳಲ್ಲಿ ಸಿಗುವ ಎಲೆಕೋಸು, ಹೂಕೋಸು, ಮೂಲಂಗಿ ಎಲ್ಲವೂ ನಮ್ಮ ಒಗ್ಗರಣೆ ಸಾಸಿವೆಯ ಕುಟುಂಬದವು. ಕೋಸನ್ನು ಹೆಚ್ಚಿದಾಗ ಅದರೊಳಗಿನ ಕಿಣ್ವದಿಂದ ಇಂಡೋಲ್-3-ಕಾರ್ಬಿನಾಲ್ ಎಂಬ ರಾಸಾಯನಿಕ ಹುಟ್ಟುತ್ತದೆ. ನಮ್ಮ ದೇಹ ಈಸ್ಟ್ರೋಜನ್ ಹಾರ್ಮೋನನ್ನು ಒಡೆಯುವ ದಾರಿಯನ್ನು ಇದು ಬದಲಿಸಬಲ್ಲದು. ಹೆಚ್ಚಿನ ಸ್ತನ ಕ್ಯಾನ್ಸರ್‌ಗಳು ಈಸ್ಟ್ರೋಜನ್‌ನ ನೆರವಿನಿಂದ ಬೆಳೆಯುವುದರಿಂದ ವಿಜ್ಞಾನಿಗಳಿಗೆ ಕೋಸಿನ ಮೇಲೆ ಕಣ್ಣು.

ಆದರೆ ಜನರ ಮೇಲೆ ನಡೆದ ಅಧ್ಯಯನಗಳ ಫಲಿತಾಂಶ ಒಂದೇ ರೀತಿ ಇಲ್ಲ. ಹಾಗಾಗಿ ಕೋಸು ಆಹಾರವೇ ಹೊರತು ಔಷಧಿಯಲ್ಲ. ತುಂಬಾ ನೀರಿನಲ್ಲಿ ಬೇಯಿಸಿ ಬಸಿದರೆ ಸತ್ವ ನೀರುಪಾಲು. ಹದವಾಗಿ ಬೆಂದ ಪಲ್ಯ, ಮೂಲಂಗಿ ಕೋಸಂಬರಿ ಒಳ್ಳೆಯದು.

ಬೆಂಗಳೂರಿನ ಕಿದ್ವಾಯಿ ಸಂಸ್ಥೆಯಲ್ಲಿ 1982ರಿಂದ ಕ್ಯಾನ್ಸರ್ ನೋಂದಣಿ ನಡೆಯುತ್ತಿದೆ. ಅಲ್ಲಿನ ಮಹಿಳೆಯರಲ್ಲಿ ಹೆಚ್ಚಾಗಿ ಕಾಣುವುದು ಸ್ತನ ಕ್ಯಾನ್ಸರೇ. ಅಮ್ಮಂದಿರೇ, ಪಲ್ಯ ತಿನ್ನಿ, ವೈದ್ಯರು ಹೇಳಿದ ಮ್ಯಾಮೊಗ್ರಾಂ ಕೂಡ ಮಾಡಿಸಿ. ಗಂಟು ಕಂಡರೆ ‘ರಜೆಗೆ ಊರಿಗೆ ಹೋದಾಗ ತೋರಿಸೋಣ’ ಎಂದು ಕಾಯಬೇಡಿ.