ಅಜ್ಜನ 75 ಮಿಲಿಗ್ರಾಂ ಮಾತ್ರೆ

ತಲೆನೋವಿಗೆ ಆಸ್ಪಿರಿನ್ 300 ಮಿಲಿಗ್ರಾಂ ಆದ್ರೂ ಬೇಕು. ಸ್ಟೆಂಟ್ ಹಾಕಿಸ್ಕೊಂಡ ಅಜ್ಜನಿಗೆ ದಿನಕ್ಕೆ 75 ಸಾಕು. ಯಾಕೆ ಗೊತ್ತಾ? ಪ್ಲೇಟ್‌ಲೆಟ್‌ಗಳು ಒಂದಕ್ಕೊಂದು ಅಂಟಿಕೊಳ್ಳೋಕೆ ಥ್ರಾಂಬಾಕ್ಸೇನ್ ಅನ್ನೋ ಸಿಗ್ನಲ್ ಕಳಿಸುತ್ತವೆ. ಅದನ್ನು ತಯಾರಿಸೋ ಕಾಕ್ಸ್-1 ಕಿಣ್ವವನ್ನೇ ಆಸ್ಪಿರಿನ್ ಶಾಶ್ವತವಾಗಿ ಕೆಡಿಸುತ್ತೆ. ಪ್ಲೇಟ್‌ಲೆಟ್‌ಗೆ ನ್ಯೂಕ್ಲಿಯಸ್ಸೇ ಇಲ್ಲ, ರಿಪೇರಿ ಮಾಡ್ಕೊಳ್ಳೋಕಾಗಲ್ಲ. ಸಾಯೋವರೆಗೂ, ಅಂದ್ರೆ 7–10 ದಿನ, ಹಾಗೇ ಇರುತ್ತೆ. ದಿನದ ಮಾತ್ರೆ ಹೊಸದಾಗಿ ಹುಟ್ಟಿದವಕ್ಕೆ ಮಾತ್ರ. ಸಖತ್ ಡಿಸೈನ್ ಅಲ್ವಾ!

ಕ್ಲೋಪಿಡೋಗ್ರೆಲ್ ತಡೆಯೋದು ಎಡಿಪಿ ಅನ್ನೋ ಇನ್ನೊಂದು ಸಿಗ್ನಲನ್ನು. ಸ್ಟೆಂಟಿನ ಲೋಹದ ಮೇಲೆ ರಕ್ತನಾಳದ ಒಳಪದರ ಬೆಳೆಯೋಕೆ ತಿಂಗಳುಗಳೇ ಬೇಕು, ಅಲ್ಲೀವರೆಗೆ ಎರಡೂ ಮಾತ್ರೆ ಕೊಡ್ತಾರೆ. ಹಲ್ಲು ಕೀಳಿಸಬೇಕು ಅಂತ ಈ ಹೊತ್ತಲ್ಲಿ ತಾವೇ ನಿಲ್ಲಿಸಿದರೆ ಸ್ಟೆಂಟ್ ಒಳಗೇ ರಕ್ತ ಹೆಪ್ಪುಗಟ್ಟಿ ಹಾರ್ಟ್ ಅಟ್ಯಾಕ್ ಆಗಬಹುದು. ಮೊದಲು ಹೃದಯದ ಡಾಕ್ಟರನ್ನು ಕೇಳಬೇಕು.

ಬಿಪಿ ಹತೋಟಿಯಲ್ಲಿ ಇಲ್ಲದಿದ್ದರೆ ಇವೇ ಮಾತ್ರೆಗಳಿಂದ ಮಿದುಳಲ್ಲಿ ರಕ್ತಸ್ರಾವದ ಅಪಾಯ ಹೆಚ್ಚು. ಅದಕ್ಕೇ ಬರೀ ಬಿಪಿ ಇರೋ ಅಪ್ಪ ಅಜ್ಜನ ಡಬ್ಬಿಯಿಂದ ಒಂದು ತಗೊಳ್ಳೋದು ಬೇಡ.